ಬಂದರು ಕಣ್ಣೆದುರೇ ಇದ್ದರೂ ಉಗಿಹಡಗುಗಳು ಅಳಿವೆಯಲ್ಲೇ ಏಕೆ ಒಡೆಯುತ್ತಿದ್ದವು?

ಆಸ್ಟ್ರೇಲಿಯದ ನ್ಯೂಕ್ಯಾಸಲ್‌ನಲ್ಲಿ ಹಂಟರ್ ನದಿಯ ಅಳಿವೆಯೊಂದರಲ್ಲೇ ಅಷ್ಟೊಂದು ಹಡಗು ಹೇಗೆ ಒಡೆದವು, ಆಸರೆ ಹುಡುಕಿ ಬಂದ ‘ಕವಾರಾ’ ಎಂಬ ಉಗಿಹಡಗು ಬಂದರಿನ ಬಾಗಿಲಲ್ಲೇ ಹೇಗೆ ಮುಳುಗಿತು ಎಂದು ಕೇಳಿದ್ದೀರಿ. ಗಾಳಿಯ ಪಾಲು ಇದ್ದೇ ಇದೆ, ಆದರೆ ಮೊದಲು ನೋಡಬೇಕಾದದ್ದು ಮರಳನ್ನು.

ನದಿ ಹೊತ್ತು ತಂದ ಮರಳನ್ನು ಕಡಲು ಹಿಂದಕ್ಕೆ ತಳ್ಳುತ್ತದೆ. ಎರಡರ ಬಲವೂ ಕುಂದುವಲ್ಲಿ ಅದು ದಿಬ್ಬವಾಗಿ ಕೂರುತ್ತದೆ. ಹಂಟರ್ ಅಳಿವೆಯ ಉತ್ತರಕ್ಕಿದ್ದ ಇಂಥ ದಿಬ್ಬವೇ ಆಯ್ಸ್ಟರ್ ಬ್ಯಾಂಕ್. ದಕ್ಷಿಣಕ್ಕೆ ನಾಬೀಸ್ ಗುಡ್ಡ. ಹಡಗಿನ ದಾರಿ ಇವೆರಡರ ನಡುವೆ. ಆಗ್ನೇಯದಿಂದ ಬಿರುಗಾಳಿ ಎದ್ದರೆ ಹಡಗು ಜಾರುವುದು ನೇರ ದಿಬ್ಬದತ್ತ.

ಅಲೆಯ ಎತ್ತರಕ್ಕಿಂತ ಕಾಲುಭಾಗದಷ್ಟು ಮಾತ್ರ ಹೆಚ್ಚು ಆಳ ಉಳಿದಾಗ ಅಲೆ ಮುರಿಯುತ್ತದೆ: ನಾಲ್ಕು ಮೀಟರ್ ಅಲೆ ಸುಮಾರು ಐದು ಮೀಟರ್ ನೀರಿನಲ್ಲಿ. ಇಳಿತದ ನೀರು ಎದುರಿಗೆ ನುಗ್ಗುತ್ತಿದ್ದರೆ ಅಲೆ ಇನ್ನೂ ಕಡಿದಾಗುತ್ತದೆ. ನಮ್ಮ ಕರಾವಳಿಯ ಮೀನುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆರು ಮೀಟರ್ ಆಳದಲ್ಲಿ ಅಲೆಯ ವೇಗ ಗಂಟೆಗೆ ಸುಮಾರು 28 ಕಿ.ಮೀ.; ಅಂದಿನ ಕರಾವಳಿ ಹಡಗುಗಳಲ್ಲಿ ಹೆಚ್ಚಿನವಕ್ಕೆ ಅಷ್ಟು ಓಟವಿರಲಿಲ್ಲ. ಹಿಂದಿನಿಂದ ಬಂದ ಅಲೆ ಹಿಂಭಾಗವನ್ನು ಎತ್ತಿಹಿಡಿದಾಗ ಚುಕ್ಕಾಣಿಗೆ ನೀರಿನ ಹಿಡಿತ ತಪ್ಪಿ ಹಡಗು ಅಡ್ಡಡ್ಡ ತಿರುಗಿಬಿಡುತ್ತದೆ.

ಕವಾರಾ ಕಬ್ಬಿಣದ ಒಡಲಿನ, ಪಕ್ಕದಲ್ಲಿ ಚಕ್ರಗಳಿದ್ದ ಹಡಗು. ಇಂಥದ್ದಕ್ಕೆ ಇನ್ನೊಂದು ಕಷ್ಟ: ಹೊರಳಿದಾಗ ಒಂದು ಚಕ್ರ ಪೂರ್ತಿ ನೀರೊಳಗೆ, ಇನ್ನೊಂದು ಗಾಳಿಯಲ್ಲಿ ಬರಿದೇ ಸುತ್ತುತ್ತಿರುತ್ತದೆ. ಮುಳುಗಿದ ಚಕ್ರ ಮಾತ್ರ ತಳ್ಳುವುದರಿಂದ ಮೂತಿ ಪಕ್ಕಕ್ಕೆ ಎಳೆಯುತ್ತದೆ. ಸಿಡ್ನಿಯಿಂದ ಬ್ರಿಸ್ಬೇನ್ ಕಡೆಗೆ ಸರಕು, ಪ್ರಯಾಣಿಕರೊಂದಿಗೆ ಹೊರಟಿದ್ದ ಅದು 1866ರ ಜುಲೈ 12ರಂದು ಬಿರುಗಾಳಿ ತಾಳದೆ ನ್ಯೂಕ್ಯಾಸಲ್‌ಗೆ ತಿರುಗಿತು. ಒಳಬರುವುದು ಆಗದೆಂದು ಕಂಡು ಕಪ್ತಾನ ಮತ್ತೆ ಕಡಲಿಗೆ ತಿರುಗಿಸಲು ನೋಡಿದ. ಮುಂಭಾಗದ ಮೇಲೆ ಬಿದ್ದ ನೀರು ಕೆಳಗಿಳಿದು ಬಾಯ್ಲರಿನ ಬೆಂಕಿ ಆರಿಸಿತು. ಬೆಂಕಿ ಆರಿದರೆ ಉಗಿಯಿಲ್ಲ, ಓಟವಿಲ್ಲ. ಓಟವಿಲ್ಲದ ಹಡಗಿಗೆ ಚುಕ್ಕಾಣಿಯಿದ್ದೂ ಇಲ್ಲ. ಅಲ್ಲಿಂದ ಮುಂದೆ ಅದು ದಿಬ್ಬದ ಪಾಲು. ಅರವತ್ತು ಜನ ಸತ್ತರು. ಉಳಿದವನು ಫ್ರೆಡರಿಕ್ ಹೆಜಸ್ ಒಬ್ಬನೇ. ಅವನನ್ನು ನೀರಿನಿಂದ ಎತ್ತಿದವರಲ್ಲಿ ಒಬ್ಬ ಜೇಮ್ಸ್ ಜಾನ್ಸನ್, 1857ರಲ್ಲಿ ಸಿಡ್ನಿ ಬಳಿ 121 ಜನರೊಂದಿಗೆ ಮುಳುಗಿದ ‘ಡನ್‌ಬಾರ್’ ಹಡಗಿನಲ್ಲಿ ಬದುಕುಳಿದಿದ್ದ ಏಕೈಕ ವ್ಯಕ್ತಿ. ಈ ಸಂಗತಿ ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ.

ಒಂದೇ ಜಾಗದಲ್ಲಿ ಇಷ್ಟೊಂದು ಏಕೆಂದರೆ, ಕೆಡೆದ ಹಡಗೇ ಮುಂದಿನದಕ್ಕೆ ಬಂಡೆಯಾಗುತ್ತದೆ. ಒಡಲಿನ ಬುಡದ ಮರಳನ್ನು ಸೆಳೆತ ಕೊರೆಯುತ್ತದೆ, ಹಡಗು ಕುಸಿದು ಕೂರುತ್ತದೆ, ಅದರ ಮರೆಯಲ್ಲಿ ಹೊಸ ಮರಳು ನಿಲ್ಲುತ್ತದೆ. ಉಗಿಹಡಗುಗಳಾದ ವೆಂಡೂರೀ 1898ರಲ್ಲಿ, ಲಿಂಡಸ್ 1899ರಲ್ಲಿ ಅಲ್ಲೇ ಹೋದವು. 1904ರಲ್ಲಿ ಫ್ರೆಂಚ್ ಹಾಯಿಹಡಗು ‘ಅಡಾಲ್ಫ್’ ಬಂದು ಕೂತದ್ದು ಹಳೆಯ ಒಡಲುಗಳ ಮೇಲೆಯೇ. ಅದರ 32 ಜನರನ್ನೂ ಜೀವರಕ್ಷಕ ದೋಣಿ ಉಳಿಸಿತು.

ನೋಡಲು ಹೋಗುವುದಾದರೆ ನ್ಯೂಕ್ಯಾಸಲ್‌ನಿಂದ ದೋಣಿಯಲ್ಲಿ ನದಿ ದಾಟಿ ಸ್ಟಾಕ್ಟನ್ ತಡೆಗೋಡೆಯ ಮೇಲೆ ನಡೆಯಿರಿ. ಇಳಿತದ ಹೊತ್ತು ಒಳ್ಳೆಯದು. ಕಲ್ಲುಗಳ ನಡುವೆ ತುಕ್ಕು ಹಿಡಿದು ನಿಂತಿರುವುದು ಅಡಾಲ್ಫ್‌ನ ಒಡಲು; ಕವಾರಾವನ್ನು ಅಲ್ಲಿ ಹುಡುಕಬೇಡಿ, ಮೇಲೆ ಏನೂ ಕಾಣದು.