ಹಂಗಿಸದ ದೇವರು

(ಹೆಸರು ಬೇಡವೆಂದು ಕೋರಿ ಮಲ್ಪೆ ಕಡೆಯ ಓದುಗರೊಬ್ಬರು ಬರೆದ ದೀರ್ಘ ಪತ್ರದ ಸಾರ: "ಕಳೆದ ಮಳೆಗಾಲದಲ್ಲಿ ಯಜಮಾನರು ತೀರಿಕೊಂಡರು. ಅಂದಿನಿಂದ ನನ್ನ ಪ್ರಾರ್ಥನೆ ಬತ್ತಿದ ಬಾವಿಗೆ ಕೊಡ ಇಳಿಸಿದಂತಾಗಿದೆ. ಆರಾಧನೆಯಲ್ಲಿ ನಮ್ಮ ನಂಬಿಕೆಯನ್ನು ಸಾರುವ ವಿಶ್ವಾಸಪ್ರಮಾಣವನ್ನು ಎಲ್ಲರೊಡನೆ ಹೇಳುವಾಗ ಬಾಯಿ ಕಟ್ಟುತ್ತದೆ. ಸಂದೇಹಪಡುವವನು ಸಮುದ್ರದ ತೆರೆಯಂತೆ ಎಂದು ಸ್ತ್ರೀಯರ ಕೂಟದಲ್ಲಿ ಹಿರಿಯರೊಬ್ಬರು ನೆನಪಿಸಿದರು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಿಂದ ದೂರ ಉಳಿಯಬೇಕೇ? ನನ್ನ ಮಟ್ಟಿಗೆ ದೇವರ ತಾಳ್ಮೆ ಮುಗಿಯಿತೇ?")

ಪ್ರಿಯ ಸಹೋದರಿಯವರೇ,

ತೆರೆ ಎಂದರೇನೆಂದು ಮಂಗಳೂರಿನ ಕಚೇರಿಯಲ್ಲಿ ಕುಳಿತ ನಾನು ಮಲ್ಪೆಯವರಿಗೆ ವಿವರಿಸಬೇಕಾಗಿಲ್ಲ. ಆದರೆ ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದ 6ನೇ ವಚನವನ್ನು ನಿಮಗೆ ನೆನಪಿಸಿದವರು 5ನೆಯದನ್ನು ಯಾಕೆ ಬಿಟ್ಟರೋ ತಿಳಿಯದು. ಕೇಳುವವರಿಗೆ ದೇವರು ಹಂಗಿಸದೆ ಕೊಡುತ್ತಾನೆ ಎಂದು ಅಲ್ಲಿದೆ. 'ಹಂಗಿಸದೆ' ಎಂಬ ಪದವನ್ನು ಆರಿಸಿದ ಅನುವಾದಕರಿಗೆ ನಮ್ಮ ಮನೆಗಳು ಚೆನ್ನಾಗಿ ಗೊತ್ತಿದ್ದವು. ಎಂದೋ ಮಾಡಿದ ಉಪಕಾರವನ್ನು ಮದುವೆಯೂಟದ ನಡುವೆ, ನಾಲ್ಕು ಜನರ ಮುಂದೆ ಎತ್ತಿ ಆಡುವ ನೆಂಟರು ಯಾರಿಗಿಲ್ಲ? ದೇವರಿಗೆ ಆ ಅಭ್ಯಾಸವಿಲ್ಲ. ಯಾಕೋಬನು ಗದರಿಸುವುದು ಎರಡು ದೋಣಿಯಲ್ಲಿ ಕಾಲಿಟ್ಟವನನ್ನು. ನೀವು ಇರುವ ಒಂದೇ ದೋಣಿಯಲ್ಲಿ ಮಳೆಗೆ ಸಿಕ್ಕವರು.

ತಾಳ್ಮೆಯ ಬಗ್ಗೆ ಕೇಳಿದಿರಿ. ಮುಂಗೋಪಿಯ ಕೋಪ ಮೂಗಿನ ತುದಿಯಲ್ಲಿ ಎನ್ನುತ್ತೇವಲ್ಲ? ವಿಮೋಚನಕಾಂಡ 34:6ರಲ್ಲಿ ದೇವರನ್ನು ದೀರ್ಘಶಾಂತನೆಂದು ಕರೆಯುವ ಹೀಬ್ರೂ ನುಡಿಗಟ್ಟಿನ ಪದಶಃ ಅರ್ಥ 'ನೀಳ ಮೂಗಿನವನು' ಎಂದು! ಕೋಪ ತುದಿಗೆ ಬರಲು ಬಹಳ ದೂರ ನಡೆಯಬೇಕು. ಸಂಡೇ ಸ್ಕೂಲಿನ ಮಕ್ಕಳಿಗೆ ಇದನ್ನು ಹೇಳಿ ನಗಿಸಿದ್ದೇನೆ. ಆದರೆ ಆ ಮಾತು ಬಂದ ಸಂದರ್ಭ ನಗುವಂಥದ್ದಲ್ಲ. ಜನರು ಚಿನ್ನದ ಕರುವಿಗೆ ಅಡ್ಡಬಿದ್ದು, ಮೋಶೆ ಕಲ್ಲಿನ ಹಲಗೆಗಳನ್ನು ಒಡೆದುಹಾಕಿ, ಹೊಸ ಹಲಗೆಗಳೊಡನೆ ಮತ್ತೆ ಬೆಟ್ಟ ಹತ್ತಿದ ಬೆಳಗಿನ ಮಾತು ಅದು.

ಯೇಸುವಿನ ಶಿಷ್ಯ ತೋಮನ ಕಥೆ ನಿಮಗೆ ಬಾಯಿಪಾಠ. ಆದರೂ ಯೋಹಾನ 20ನೇ ಅಧ್ಯಾಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಸತ್ತ ಯೇಸು ಎದ್ದುಬಂದನೆಂದು ಉಳಿದ ಶಿಷ್ಯರು ಹೇಳಿದಾಗ, ಅವನ ಗಾಯದಲ್ಲಿ ಬೆರಳಿಡದ ಹೊರತು ನಂಬುವುದಿಲ್ಲ ಎಂದು ತೋಮನು ಹೇಳಿದ ಮೇಲೆ ಎಂಟು ದಿನ ಏನೂ ನಡೆಯುವುದಿಲ್ಲ. ಆ ಎಂಟು ದಿನ ತೋಮನು ಎಲ್ಲಿದ್ದನು? ಎಂಟನೆಯ ದಿನ ಅದೇ ಮನೆಯಲ್ಲಿ, ಅದೇ ಗುಂಪಿನ ನಡುವೆ ಕಾಣುತ್ತಾನೆ. ಯಾರೂ ಅವನನ್ನು ಹೊರಗೆ ಹಾಕಿರಲಿಲ್ಲ. ಹಾಕುವ ಮುಖವಾದರೂ ಅವರಿಗೆಲ್ಲಿತ್ತು? ಸಮಾಧಿಯಿಂದ ಓಡಿಬಂದ ಹೆಂಗಸರ ಮಾತನ್ನು ಬರೀ ಹರಟೆಯೆಂದು ತಳ್ಳಿಹಾಕಿದವರೂ ಇವರೇ ಎಂದು ಲೂಕನು ಬರೆದಿಟ್ಟಿದ್ದಾನೆ. ಯೇಸು ಬಂದು ತೋಮನು ಹಾಕಿದ್ದ ಷರತ್ತನ್ನೇ ಅವನ ಮುಂದಿಡುತ್ತಾನೆ. ನಂಬದವನಾಗಿರಬೇಡ ಎಂದು ಹೇಳುವುದು ನಿಜ. ಆದರೆ ಕೈ ತೋರಿಸಿದ ಮೇಲೆ. ಚಿತ್ರಕಾರರು ಗಾಯದೊಳಗೆ ಬೆರಳು ಇಳಿಸಿಯೇ ಬಿಟ್ಟಿದ್ದಾರೆ. ತೋಮನು ಮುಟ್ಟಿದನೆಂದು ಸುವಾರ್ತೆ ಎಲ್ಲಿಯೂ ಹೇಳುವುದಿಲ್ಲ.

ಎಂಟು ದಿನವೇನು, ಕೆಲವರಿಗೆ ಆಯುಷ್ಯವೇ ಹಿಡಿಯುತ್ತದೆ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. 2007ರಲ್ಲಿ ಅವರ ಖಾಸಗಿ ಪತ್ರಗಳು ಅಚ್ಚಾದಾಗ, ದೇವರು ಹತ್ತಿರವಿದ್ದಾನೆಂಬ ಅನುಭವವೇ ಇಲ್ಲದೆ ಅವರು ದಶಕಗಳನ್ನು ಕಳೆದಿದ್ದರೆಂದು ಲೋಕಕ್ಕೆ ತಿಳಿಯಿತು. ಹಾಗೆಂದು ಸಂದೇಹವನ್ನು ಒಡವೆಯಂತೆ ತೊಟ್ಟು ತಿರುಗುವವರ ಬಗ್ಗೆ ನನಗೆ ಹೆಚ್ಚು ಸಹನೆಯಿಲ್ಲ (ಈ ಸಂಪಾದಕನ ಮೂಗು ಗಿಡ್ಡ). ನೀವು ಅವರ ಪೈಕಿ ಅಲ್ಲ.

ಕರ್ತನ ಭೋಜನದಿಂದ ದೂರ ಉಳಿಯಬೇಡಿ. ಅಯೋಗ್ಯರಾಗಿ ತಿನ್ನಬಾರದೆಂದು ಅಪೊಸ್ತಲ ಪೌಲನು ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದದ್ದು ಹೌದು. ಅಲ್ಲಿ ಆಗಿದ್ದೇನು? ಉಳ್ಳವರು ತಾವೇ ಮೊದಲು ಉಂಡು, ಇಲ್ಲದವರನ್ನು ಹಸಿದಿರಲು ಬಿಡುತ್ತಿದ್ದರು. ದುಃಖದಲ್ಲಿ ಬಾಯಿ ಕಟ್ಟಿದ ವಿಧವೆಯನ್ನು ತಡೆಯಲು ಆ ವಚನವನ್ನು ಬಳಸುವುದು ಅನ್ಯಾಯ. ಮೊದಲ ಭೋಜನಕ್ಕೆ ಕುಳಿತವರಲ್ಲಿ ಪೇತ್ರನೂ ಇದ್ದನು. ಕೋಳಿ ಕೂಗುವ ಮುನ್ನ ಅವನು ತನ್ನನ್ನು ಅರಿಯೆನೆಂದು ಬಿಡುವನೆಂದು ರೊಟ್ಟಿ ಮುರಿದ ಯೇಸುವಿಗೆ ಗೊತ್ತಿತ್ತು.

ವಿಶ್ವಾಸಪ್ರಮಾಣದ ಮಾತು. 325ರಲ್ಲಿ ನಿಕೇಯ ಪಟ್ಟಣದಲ್ಲಿ ಕೂಡಿದ ಬಿಷಪರ ಸಭೆಯವರು ಬರೆದಾಗ ಅದು 'ನಂಬುತ್ತೇವೆ' ಎಂದೇ ಆರಂಭವಾಗುತ್ತಿತ್ತು, 'ನಂಬುತ್ತೇನೆ' ಎಂದಲ್ಲ. ಬಾಯಿ ಬಾರದ ಭಾನುವಾರ ಸುಮ್ಮನೆ ನಿಂತಿರಿ, ಪಕ್ಕದವರು ಹೇಳುತ್ತಾರೆ. ಮನೆಯಲ್ಲಿ ಪ್ರಾರ್ಥಿಸಲು ಮಾತು ಸಿಗದಿದ್ದರೆ 88ನೇ ಕೀರ್ತನೆ ಇದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಸಮಾಧಾನದ ಒಂದು ಸಾಲನ್ನು ಕೊನೆಗೆ ಅಂಟಿಸಬೇಕೆಂದು ಅದನ್ನು ಬೈಬಲಿಗೆ ಸೇರಿಸಿದವರಿಗೆ ಅನಿಸಲಿಲ್ಲ. ನಿಮ್ಮ ಯಜಮಾನರು ಯಾಕೆ ಹೋದರು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಇದೆ ಎನ್ನುವವರನ್ನು ನಂಬಬೇಡಿ.

ಇನ್ನು, ಪತ್ರಿಕೆ ಈಗಲೂ ಅವರ ಹೆಸರಿಗೇ ಬರುತ್ತಿದೆ, ಬದಲಾಯಿಸಬೇಕೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಅವಸರವಿಲ್ಲ. ನಿಮಗೆ ಬೇಕೆನಿಸಿದ ದಿನ ಒಂದು ಕಾರ್ಡು ಹಾಕಿ. ಅಲ್ಲಿಯವರೆಗೆ ಲಕೋಟೆಯ ಮೇಲೆ ಅವರ ಹೆಸರೇ ಇರುತ್ತದೆ.

– ಸಂಪಾದಕ