ಕೈತೋಟದಲ್ಲಿ ಇಲಿಕಾಟ: ಪಾಷಾಣ ಮುಟ್ಟುತ್ತಿಲ್ಲ, ಮುಂದೇನು ಮಾಡುವುದು?

ನೀವು ಬರೆದಿರುವುದು ಇಷ್ಟು: ಹಿತ್ತಲಿನ ಪಾತಿಯಲ್ಲಿ ಟೊಮೆಟೊ ಹಣ್ಣಾಗುವಷ್ಟರಲ್ಲಿ ಅರ್ಧ ತಿಂದು ಹೋಗಿರುತ್ತವೆ, ಕಾಂಪೋಸ್ಟ್ ತೊಟ್ಟಿಯ ಬುಡದಲ್ಲೂ ಕಾಂಪೌಂಡ್ ಗೋಡೆಯ ಪಕ್ಕದಲ್ಲೂ ಬಿಲಗಳಿವೆ. ಕಪ್ಪು ಪುಡಿಯ ಪಾಷಾಣವನ್ನು ಹಿಟ್ಟಿಗೆ ಕಲಸಿ ಉಂಡೆ ಮಾಡಿ ಇಟ್ಟಿರಿ, ಮೊದಲ ರಾತ್ರಿ ತಿಂದವು, ಆಮೇಲೆ ಮೂಸಿಯೂ ನೋಡುತ್ತಿಲ್ಲ. ಮನೆಯಲ್ಲಿ ನಾಯಿ ಇದೆ.

ಎಲ್ಲಕ್ಕಿಂತ ಮೊದಲು ಆ ಉಂಡೆಗಳನ್ನು ತೆಗೆದುಬಿಡಿ. ಹಿಟ್ಟಿಗೆ ಕಲಸುವ ಬೂದುಗಪ್ಪು ಪುಡಿ ಬಹುಪಾಲು ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಾಗಿದಾಗ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹುಟ್ಟುತ್ತದೆ, ಅದಕ್ಕೆ ಪ್ರತಿವಿಷ ಇಲ್ಲ. ನಾಯಿ ಒಂದೇ ಉಂಡೆ ನುಂಗಿದರೂ ಪ್ರಾಣಕ್ಕೆ ಸಂಚಕಾರ. ಕೈಗವಸು ಹಾಕಿಕೊಂಡು, ಎಷ್ಟು ಇಟ್ಟಿದ್ದಿರೋ ನೆನಪು ಮಾಡಿ ಅಷ್ಟನ್ನೂ ಹುಡುಕಿ, ನೀರು ತಾಗಿಸದೆ ಒಣ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಪೊಟ್ಟಣದ ಮೇಲಿನ ಸೂಚನೆಯಂತೆ ವಿಲೇವಾರಿ ಮಾಡಿ. ಕಾಂಪೋಸ್ಟಿಗೂ ಚರಂಡಿಗೂ ಹಾಕಬೇಡಿ. ನಾಯಿ ತಿಂದಿದೆಯೆಂಬ ಅನುಮಾನ ಬಂದರೆ ಮನೆಮದ್ದು ಮಾಡುತ್ತಾ ಕೂರದೆ, ಏನನ್ನೂ ತಿನ್ನಿಸದೆ, ಪೊಟ್ಟಣ ಸಮೇತ ಪಶುವೈದ್ಯರಲ್ಲಿಗೆ ಹೋಗಿ. ದಾರಿಯಲ್ಲಿ ವಾಂತಿಯಾದರೆ ಅದರ ಮೇಲೆ ಬಗ್ಗಿ ಉಸಿರಾಡಬೇಡಿ, ವಾಹನದ ಕಿಟಕಿ ತೆರೆದಿಡಿ.

ಇಲಿಗಳು ಮುಟ್ಟದಿರುವುದಕ್ಕೂ ಕಾರಣ ಈ ವಿಷದಲ್ಲೇ ಇದೆ. ಇಲಿ ಹೊಸ ತಿಂಡಿಯನ್ನು ಮೊದಲು ಚೂರೇ ಚೂರು ಕಚ್ಚಿ ನೋಡುತ್ತದೆ. ಈ ಪಾಷಾಣ ಕೆಲವೇ ಗಂಟೆಗಳಲ್ಲಿ ಹೊಟ್ಟೆ ಕೆಡಿಸುತ್ತದೆ. ಸಾಯುವಷ್ಟು ತಿನ್ನದ ಇಲಿ ಬದುಕಿಕೊಳ್ಳುತ್ತದೆ, ತಿಂದದ್ದನ್ನು ಮರೆಯುವುದಿಲ್ಲ. ಅದೇ ಹಿಟ್ಟಿನ ಉಂಡೆಯನ್ನು ಇನ್ನು ಎಷ್ಟು ಸಲ ಇಟ್ಟರೂ ವ್ಯರ್ಥ, ಬೋನಿಗೂ ಆ ಹಿಟ್ಟನ್ನು ಬಳಸಬೇಡಿ.

ಇನ್ನು ಮುಂದಿನದು. ಇಲಿಕಾಟದಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದೇ ಮುಖ್ಯ ಅಂತ ನನ್ನ ಖಚಿತ ಅಭಿಪ್ರಾಯ. ಜನ ಸಾಮಾನ್ಯವಾಗಿ ಬಿಲ ಮುಚ್ಚುವುದರಿಂದ ಶುರು ಮಾಡುತ್ತಾರೆ. ಅದು ಕೊನೆಯ ಕೆಲಸ. ಒಳಗೆ ಇಲಿ ಇರುವಾಗ ಬಿಲಕ್ಕೆ ಸಿಮೆಂಟ್ ಸುರಿದರೆ ಪಕ್ಕದಲ್ಲೇ ಇನ್ನೊಂದು ತೋಡುತ್ತದೆ. ಸೌದೆ ರಾಶಿ, ಪೊದೆ ಎಲ್ಲವನ್ನೂ ಒಂದೇ ದಿನ ಕಿತ್ತೆಸೆದರೆ ಅಲ್ಲಿದ್ದವು ನೇರ ಮನೆಯೊಳಗೆ ನುಗ್ಗುತ್ತವೆ. ಆದ್ದರಿಂದ ಮೊದಲು ಮನೆಯ ಕಂಡಿಗಳನ್ನು ಮುಚ್ಚಿ, ಆಮೇಲೆ ತೋಟದಲ್ಲಿ ಸಿಗುವ ಊಟ ನಿಲ್ಲಿಸಿ, ಆಮೇಲೆ ಹಿಡಿಯಿರಿ, ಕಡೆಗೆ ಮರೆ ಮತ್ತು ಬಿಲ.

ಮನೆಯ ಕಡೆ, ಪೆನ್ಸಿಲ್ ತೂರುವಷ್ಟು ಸಂದನ್ನೂ ಬಿಡಬೇಡಿ. 12 ಮಿಲಿಮೀಟರ್ ಸಂದಿನಲ್ಲಿ ಮರಿ ಇಲಿ ನುಸುಳುತ್ತದೆ, ಸುಂಡಿಲಿಗೆ 6 ಮಿಲಿಮೀಟರ್ ಸಾಕು. ಪೈಪ್ ಹೊರಬರುವ ರಂಧ್ರ, ಹಿಂಬಾಗಿಲಿನ ಕೆಳಸಂದು, ಬಚ್ಚಲ ನೀರು ಹೋಗುವ ಕೊಳವೆಯ ಬಾಯಿ, ಈ ಮೂರನ್ನು ಮುಖ್ಯವಾಗಿ ನೋಡಿ. ಬರಿ ಫೋಮ್ ತುಂಬಿದರೆ ಕಡಿದು ಹಾಕುತ್ತದೆ. ಜಾಲರಿ ತುರುಕಿ ಮೇಲೆ ಗಾರೆ ಮೆತ್ತಬೇಕು.

ತೋಟದಲ್ಲಿ ಯಾವುದು ಓಡಾಡುತ್ತಿದೆಯೆಂದು ಹಿಕ್ಕೆ ಹೇಳುತ್ತದೆ. ಸುಮಾರು 18-20 ಮಿಲಿಮೀಟರ್ ಉದ್ದ, ತುದಿ ಮೊಂಡಾಗಿದ್ದರೆ ಬಿಲ ತೋಡುವ ಕಂದು ಇಲಿ. 12 ಮಿಲಿಮೀಟರ್ ಆಸುಪಾಸು, ತುದಿ ಚೂಪಾಗಿದ್ದರೆ ಮರ, ಬಳ್ಳಿ, ಚಾವಣಿ ಹತ್ತುವ ಕರಿ ಇಲಿ. ಇದಕ್ಕೆ ನೆಲದಲ್ಲಿ ಬೋನಿಟ್ಟು ಕಾಯುವುದು ಬೇಡ, ಗೋಡೆಯ ಮೇಲೆ, ಚಪ್ಪರದ ಕಂಬದ ಪಕ್ಕ ಕಟ್ಟಬೇಕು. ಬಿಲದ ಬಾಯಲ್ಲಿ ಬುಟ್ಟಿಗಟ್ಟಲೆ ಮಣ್ಣಿನ ಗುಪ್ಪೆ ಇದ್ದರೆ ಅದು ಹೆಗ್ಗಣ. ಚೂಪು ಮೂತಿಯ, ಕೀಚ್ ಎನ್ನುವ, ನಾತ ಹೊಡೆಯುವ ಮೂಗಿಲಿ ಕಂಡರೆ ಅದನ್ನು ಕೊಲ್ಲಬೇಡಿ. ಅದು ಇಲಿಯ ಜಾತಿಯೇ ಅಲ್ಲ, ಹುಳು ತಿಂದು ಬದುಕುತ್ತದೆ. ಹಾಗೆಯೇ, ಹಣ್ಣು ಹಗಲಿನಲ್ಲಿ ಹಾಳಾಗುತ್ತಿದ್ದರೆ ಅಳಿಲು, ಹಕ್ಕಿಗಳ ಮೇಲೆ ಅನುಮಾನ ಪಡಿ.

ಊಟ ನಿಲ್ಲಿಸುವುದು ಎಂದರೆ ಕತ್ತಲಾಗುವ ಮೊದಲು ತೋಟದಲ್ಲಿ ಒಂದು ಸುತ್ತು. ಉದುರಿದ ಹಣ್ಣು, ನಾಯಿಯ ತಟ್ಟೆ, ಹಕ್ಕಿಗಿಟ್ಟ ಕಾಳು ತೆಗೆದಿಡಿ. ಟೊಮೆಟೊ ಬಣ್ಣ ತಿರುಗುತ್ತಿದ್ದಂತೆ ಕೊಯ್ದು ಒಳಗೆ ಹಣ್ಣಾಗಿಸಿ. ತೊಟ್ಟಿಕ್ಕುವ ನಲ್ಲಿ, ಕುಂಡದ ತಟ್ಟೆಯಲ್ಲಿ ನಿಂತ ನೀರು ಕೂಡ ಲೆಕ್ಕಕ್ಕೆ ಬರುತ್ತದೆ, ಕಂದು ಇಲಿ ನೀರಿಲ್ಲದೆ ಹೆಚ್ಚು ದಿನ ಇರಲಾರದು. ಕಾಂಪೋಸ್ಟ್ ತೊಟ್ಟಿಯನ್ನು ಮಾತ್ರ ಖಾಲಿ ಮಾಡಿ ತಳಕ್ಕೆ 6 ಮಿಲಿಮೀಟರ್ ಕಣ್ಣಿನ ಸತು ಲೇಪಿತ ಜಾಲರಿ ಹಾಸಲೇಬೇಕು. ಜಾಲರಿಯನ್ನು ನಾಲ್ಕೂ ಬದಿಗೆ ಒಂದು ಗೇಣು ಮೇಲಕ್ಕೆ ಮಡಿಸಿ. ಬೇಯಿಸಿದ ಆಹಾರ, ಮಾಂಸ, ಎಣ್ಣೆ ಜಿಡ್ಡು ಅದಕ್ಕೆ ಹಾಕಬೇಡಿ. ಸಿಪ್ಪೆಯನ್ನು ಮೇಲೆ ಚೆಲ್ಲದೆ ನಡುವೆ ಹೂತು, ವಾರಕ್ಕೊಮ್ಮೆ ಕೆದಕಿ, ಸದಾ ಒದ್ದೆಯಾಗಿಡಿ. ಒಣಗಿ, ಅಲುಗಾಡದೆ ಬಿದ್ದಿರುವ ರಾಶಿ ಇಲಿಗೆ ಹೆರಿಗೆ ಮನೆ.

ಈಗ ಬೋನು. ಒಂದೆರಡು ಸಾಲದು. ಹೆಣ್ಣಿಲಿ ಗಬ್ಬವಾದ ಸುಮಾರು ಮೂರು ವಾರಕ್ಕೆ ಮರಿ ಹಾಕುತ್ತದೆ, ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಮರಿ ಹಾಕುವಂತಾಗುತ್ತವೆ. ವಾರಕ್ಕೊಂದು ಹಿಡಿದರೆ ಅಷ್ಟೇ ಹುಟ್ಟಿರುತ್ತವೆ. ಚಿಕ್ಕ ಹಿತ್ತಲಾದರೂ ಆರರಿಂದ ಹನ್ನೆರಡು ದೊಡ್ಡ ಸ್ಪ್ರಿಂಗ್ ಬೋನುಗಳನ್ನು ಒಟ್ಟಿಗೆ ಇಡಬೇಕು. ಸುಂಡಿಲಿಯ ಚಿಕ್ಕ ಬೋನು ಇಲಿಯನ್ನು ಗಾಯ ಮಾಡಿ ಬಿಡುತ್ತದೆ, ಅದು ಹಿಂಸೆಯೂ ಹೌದು, ಆ ಇಲಿ ಮತ್ತೆ ಸಿಗುವುದೂ ಇಲ್ಲ.

ಇಲಿ ಬಯಲಲ್ಲಿ ಓಡುವುದಿಲ್ಲ, ಗೋಡೆಗೆ ಮೈ ತಾಗಿಸಿಕೊಂಡು ಓಡುತ್ತದೆ. ಅದರ ದಾರಿಯಲ್ಲಿ ಹುಲ್ಲು ಸವೆದಿರುತ್ತದೆ, ಗೋಡೆಯ ಬುಡದಲ್ಲಿ ಜಿಡ್ಡಿನ ಕಪ್ಪು ಗೆರೆ ಇರುತ್ತದೆ. ಅಲ್ಲಿ ಬೋನನ್ನು ಗೋಡೆಗೆ ಅಡ್ಡಲಾಗಿ, ತಿಂಡಿ ಇರುವ ತುದಿ ಗೋಡೆಗೆ ತಾಗುವಂತೆ, ಸುಮಾರು ಮೂರು ಮೀಟರಿಗೊಂದರಂತೆ ಇಡಿ. ನಾಯಿ, ಅಳಿಲು, ಹಕ್ಕಿ ಸಿಕ್ಕಿಬೀಳದಂತೆ ಪ್ರತಿ ಬೋನನ್ನೂ ಎರಡೂ ತುದಿಯಲ್ಲಿ 6-7 ಸೆಂಟಿಮೀಟರ್ ತೂತಿರುವ ಮುಚ್ಚಳದ ಮರದ ಪೆಟ್ಟಿಗೆಯೊಳಗಿಟ್ಟು, ಪೆಟ್ಟಿಗೆಯನ್ನು ನೆಲಕ್ಕೆ ಗೂಟ ಹೊಡೆದು ಬಿಗಿಯಿರಿ. ನಿಮ್ಮ ಮನೆಯಲ್ಲಿ ಇದು ಕಡ್ಡಾಯ.

ತಿಂಡಿಗೆ ಕಡಲೆಕಾಯಿ ಬೆಣ್ಣೆ ಬಟಾಣಿ ಕಾಳಿನಷ್ಟು ಸಾಕು. ಹೆಚ್ಚು ಮೆತ್ತಿದರೆ ಅಂಚಿನಲ್ಲಿ ನೆಕ್ಕಿ ಹೋಗುತ್ತದೆ. ಕೊಬ್ಬರಿ ಚೂರಾದರೆ ದಾರದಿಂದ ಕಟ್ಟಿಬಿಡಿ, ಎಳೆದಾಗಲೇ ಬೋನು ಹೊಡೆಯುತ್ತದೆ. ಇಷ್ಟಾದ ಮೇಲೆ ಹೆಚ್ಚಿನವರು ಅವಸರ ಮಾಡಿ ಕೆಡಿಸಿಕೊಳ್ಳುತ್ತಾರೆ. ಇಲಿಗೆ ದಾರಿಯಲ್ಲಿ ಬಂದ ಹೊಸ ವಸ್ತುವೆಂದರೆ ಭಯ, ನಾಲ್ಕೈದು ದಿನ ಬಳಸಿಕೊಂಡು ಹೋಗುತ್ತದೆ. ಆದ್ದರಿಂದ ಮೊದಲು ಬೋನನ್ನು ಬಿಗಿಯದೆ ತಿಂಡಿ ಮಾತ್ರ ಇಡಿ. ಖಾಲಿಯಾದಲ್ಲಿ ಮತ್ತೆ ತುಂಬಿಸಿ. ಎಲ್ಲ ಕಡೆಯೂ ಎರಡು ಮೂರು ರಾತ್ರಿ ಸತತ ತಿಂದವೆಂದಾದಾಗ, ಒಂದೇ ಸಂಜೆ ಎಲ್ಲವನ್ನೂ ಬಿಗಿಯಿರಿ. ಮೊದಲ ರಾತ್ರಿಗಳಲ್ಲೇ ಹೆಚ್ಚು ಬೀಳುತ್ತವೆ.

ಬೆಳಗಾಗುತ್ತಲೇ ನೋಡಬೇಕು. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಇಲಿಯ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಅಂದರೆ ಇಲಿಜ್ವರ ಬರುತ್ತದೆ, ಗೀರುಗಾಯವಿದ್ದರೂ ಸಾಕು. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಸಿಂಪಡಿಸಿ, ಐದು ನಿಮಿಷ ಬಿಟ್ಟು ಒರೆಸಿ. ಪಾತಿಯಲ್ಲಿ ಬರಿಗಾಲಲ್ಲಿ ಓಡಾಡುವುದೂ ಸದ್ಯಕ್ಕೆ ಬೇಡ, ತರಕಾರಿ ಚೆನ್ನಾಗಿ ತೊಳೆಯಿರಿ, ಕಚ್ಚಿದ್ದನ್ನು ಎಸೆದುಬಿಡಿ.

ಬೋನಿಗೆ ಬೀಳುವುದು ನಿಂತ ಮೇಲೆ ಪ್ರತಿ ಬಿಲಕ್ಕೂ ಮುದುರಿದ ಕಾಗದ ಸಡಿಲವಾಗಿ ತುರುಕಿ. ಎರಡು ದಿನದಲ್ಲಿ ಕಾಗದ ಹೊರಗೆ ಬಿದ್ದಿದ್ದರೆ ಒಳಗೆ ಇನ್ನೂ ಇದೆ, ಅದರ ಬಾಯಿಗೆ ಮತ್ತೆ ಬೋನು. ಅಲುಗದ ಬಿಲವನ್ನು ಗುದ್ದಲಿಯಿಂದ ಅಗೆದು ಕುಸಿಯಿಸಿ, ಮಣ್ಣು ತುಂಬಿ ತುಳಿದು ಗಟ್ಟಿ ಮಾಡಿ. ಬಿಲಕ್ಕೆ ನೀರು ಬಿಡುವುದರಿಂದ ಪ್ರಯೋಜನವಿಲ್ಲ, ಬೇರೆ ಬಾಯಿಂದ ಹೊರಟುಹೋಗುತ್ತದೆ. ಗೋಡೆಯ ಪಕ್ಕ ಒಂದೂವರೆ ಅಡಿ ಅಗಲ ಏನೂ ಇಡದೆ ಬಯಲು ಮಾಡಿ, ಸೌದೆಯನ್ನು ನೆಲದಿಂದ ಒಂದೂವರೆ ಅಡಿ ಎತ್ತರದ ಅಟ್ಟಣೆಗೆ ಏರಿಸಿ. ಪಾತಿಯ ಸುತ್ತ ಅದೇ 6 ಮಿಲಿಮೀಟರ್ ಜಾಲರಿಯನ್ನು ಒಂದಡಿ ಆಳ ಹೂತು, ತಳದಲ್ಲಿ ಅರ್ಧ ಅಡಿಯಷ್ಟು ಹೊರಕ್ಕೆ ಮಡಿಸಿ. ಆ ಮಡಿಕೆ ಇಲ್ಲದಿದ್ದರೆ ಕೆಳಗಿಂದ ತೋಡಿಕೊಂಡು ಬರುತ್ತವೆ.

ಅಂಟಿನ ಹಲಗೆ ದಯವಿಟ್ಟು ಬೇಡ, ಇಲಿ ಗಂಟೆಗಟ್ಟಲೆ ನರಳುತ್ತದೆ, ಹಲ್ಲಿ, ಹಕ್ಕಿಮರಿಗಳೂ ಅಂಟಿಕೊಳ್ಳುತ್ತವೆ. ನುಸಿಗುಳಿಗೆ, ಪುದೀನ ಎಣ್ಣೆ, ಶಬ್ದದ ಯಂತ್ರಗಳಿಗೆ ಬಯಲಿನಲ್ಲಿ ಹಣ ಹಾಕಬೇಡಿ. ಬ್ರೊಮಾಡಿಯೋಲೋನ್‌ನಂಥ ರಕ್ತ ಹೆಪ್ಪುಗಟ್ಟದಂತೆ ಮಾಡುವ ಕೇಕುಗಳು ಇಲಿಯನ್ನು ಕೊಲ್ಲುವುದು ನಿಜ, ಆದರೆ ಸಾಯಲು ಕೆಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ತೂಕಡಿಸುತ್ತಾ ತಿರುಗುವ ಇಲಿಯನ್ನು ತಿಂದ ಗೂಬೆಯೂ ಬೆಕ್ಕೂ ವಿಷಕ್ಕೆ ಬಲಿಯಾಗುತ್ತವೆ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನಂತೂ ಮನೆಯ ಹತ್ತಿರದ ಬಿಲಕ್ಕೆ ಎಂದಿಗೂ ಹಾಕಬೇಡಿ, ಅನಿಲ ಮಣ್ಣಿನ ಬಿರುಕಿನಲ್ಲಿ ಹರಿದು ಮನೆಯೊಳಗೆ ಬಂದು ಮಲಗಿದವರನ್ನೇ ಕೊಲ್ಲಬಲ್ಲದು.

ಪಕ್ಕದ ಮನೆಯವರ ಹಿತ್ತಲಿನಲ್ಲೂ ಊಟ ಸಿಗುತ್ತಿದ್ದರೆ ಅವರೊಡನೆ ಮಾತಾಡಿ ಒಂದೇ ವಾರ ಇಬ್ಬರೂ ಬೋನಿಡಿ. ಮೂರು ವಾರ ಕಳೆದರೂ ಕಾಗದ ಹೊರಗೆ ಬೀಳುತ್ತಲೇ ಇದ್ದರೆ ತರಬೇತಿ ಪಡೆದ ಕೀಟ ನಿಯಂತ್ರಕರನ್ನು ಕರೆಸಿ. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಮಾತ್ರ ವಿಷ ಇಡಬೇಕೆಂದು ಮೊದಲೇ ಹೇಳಿ, ಯಾವ ವಿಷ ಎಂಬುದನ್ನು ಬರೆಸಿಕೊಂಡು ಆ ಚೀಟಿಯನ್ನು ಪಶುವೈದ್ಯರ ಫೋನ್ ನಂಬರಿನ ಜೊತೆ ಇಟ್ಟುಕೊಳ್ಳಿ.