‘ಇದೊಂದೇ ಸಲ್ಲುತ್ತದೆ’ ಎಂದು ಬರೆಯುವುದು ಹೇಗೆ?

ಪ್ರಶ್ನೆ: ಪಾವತಿ ಎಪಿಐ (ತಂತ್ರಾಂಶಗಳು ಪರಸ್ಪರ ಮಾತಾಡುವ ಸಂಪರ್ಕ) ಒಂದರ ವಿವರಣೆಯನ್ನು ಓಪನ್‌ಎಪಿಐ 3.0ರಲ್ಲಿ (ಎಪಿಐ ವಿವರಿಸಲು ಇರುವ ಮಾನದಂಡ), ಯಾಮಲ್ ಎಂಬ ಪಠ್ಯರೂಪದ ಕಡತದಲ್ಲಿ ಬರೆಯುತ್ತಿದ್ದೇನೆ. ಕೋರಿಕೆ ಎರಡು ಬಗೆ: ಕಾರ್ಡ್ ಮತ್ತು ಬ್ಯಾಂಕ್. ಎರಡನ್ನೂ ‘ಒನ್‌ಆಫ್’ (ಇವುಗಳಲ್ಲಿ ಒಂದಕ್ಕೆ ಮಾತ್ರ ಹೊಂದಬೇಕು) ಅಡಿಯಲ್ಲಿಟ್ಟು, ‘ವಿಧಾನ’ ಎಂಬ ಫೀಲ್ಡ್‌ಗೆ ಆಯಾ ಹೆಸರನ್ನೇ ಡಿಫಾಲ್ಟ್ ಆಗಿ ಕೊಟ್ಟಿದ್ದೇನೆ. ಆದರೆ ಕಾರ್ಡ್ ಸಂಖ್ಯೆಯ ಜೊತೆ ವಿಧಾನ ‘ಲಾಟರಿ’ ಎಂದು ಕಳಿಸಿದರೂ ಕೋರಿಕೆಯನ್ನು ವಿವರಣೆಗೆ ಹೋಲಿಸಿ ಪರೀಕ್ಷಿಸುವ ವ್ಯಾಲಿಡೇಟರ್ ಚಕಾರವೆತ್ತುವುದಿಲ್ಲ. ಏಕೆ?

ಉತ್ತರ: ಏಕೆಂದರೆ ನೀವು ಅದನ್ನು ತಡೆಯಲು ಹೇಳಿಯೇ ಇಲ್ಲ. ಡಿಫಾಲ್ಟ್ ಎಂದರೆ ‘ಏನೂ ಬಾರದಿದ್ದರೆ ಇದೆಂದು ತಿಳಿ’ ಎಂದಷ್ಟೇ ಅರ್ಥ. ಬಂದದ್ದು ಲಾಟರಿಯೋ ಲಾಟೀನೋ, ಅದು ಸ್ಟ್ರಿಂಗ್ (ಪಠ್ಯ) ಆಗಿದ್ದರೆ ಸಾಕು, ಒಳಗೆ ಬಿಡುತ್ತದೆ. ಇದೊಂದೇ ಮೌಲ್ಯ ಸಲ್ಲಬೇಕೆಂದರೆ 3.0ರಲ್ಲಿ ‘ಎನಮ್’ (ಸಲ್ಲುವ ಮೌಲ್ಯಗಳ ಪಟ್ಟಿ) ಬರೆದು ಅದರಲ್ಲಿ ಒಂದೇ ಮೌಲ್ಯ ಇಡಬೇಕು. ಒಂದೇ ಹೆಸರಿನ ಪಟ್ಟಿ ನೋಡಲು ವಿಚಿತ್ರವೆನಿಸುತ್ತದೆ, ನಿಜ. ಇದಕ್ಕೆಂದೇ ಇರುವ ‘ಕಾನ್ಸ್ಟ್’ ಎಂಬ ಪದ ಓಪನ್‌ಎಪಿಐಗೆ ಬಂದದ್ದು 2021ರ 3.1ರಲ್ಲಿ. 3.0ರ ಕಡತದಲ್ಲಿ ಅದನ್ನು ಬರೆದರೆ ಕೆಲವು ಸಾಧನಗಳು ತಕರಾರಿಲ್ಲದೆ ದಾಟಿ ಹೋಗುತ್ತವೆ. ನೀವು ಮಾತ್ರ ಬೀಗ ಹಾಕಿದೆ ಎಂದುಕೊಂಡಿರುತ್ತೀರಿ.

ಇನ್ನೊಂದು ಕಿಂಡಿಯನ್ನೂ ಮುಚ್ಚಿ. ಎನಮ್ ಆಗಲಿ ಕಾನ್ಸ್ಟ್ ಆಗಲಿ, ಫೀಲ್ಡ್ ಬಂದರೆ ಮಾತ್ರ ಪರೀಕ್ಷಿಸುತ್ತದೆ. ವಿಧಾನವನ್ನೇ ಕಳಿಸದ ಕೋರಿಕೆ ಸಲೀಸಾಗಿ ಪಾರಾಗುತ್ತದೆ. ಆದ್ದರಿಂದ ‘ವಿಧಾನ’ವನ್ನು ಎರಡೂ ಸ್ಕೀಮಾಗಳ (ಕೋರಿಕೆಯ ರಚನೆ ಹೇಳುವ ಭಾಗಗಳ) ‘ರಿಕ್ವೈರ್ಡ್’ ಎಂಬ ಕಡ್ಡಾಯ ಪಟ್ಟಿಗೆ ಸೇರಿಸಿ. ಸೇರಿಸಿದ ಮೇಲೆ ಆ ಡಿಫಾಲ್ಟ್‌ಗೆ ಕೆಲಸವಿಲ್ಲ, ಅಳಿಸಿಬಿಡಿ.

ಯಾಮಲ್ ಎಂದಿರಲ್ಲ, ಅದಕ್ಕೇ ಇದನ್ನೂ ಹೇಳುತ್ತೇನೆ. ಒಮ್ಮೆ ಒಂದು ಉಪಕರಣದ ಸ್ಥಿತಿಗೆ ನಾನು ಎನಮ್ ಬರೆದು ಆನ್, ಆಫ್ ಎಂಬ ಎರಡು ಇಂಗ್ಲಿಷ್ ಪದಗಳನ್ನು ಉದ್ಧರಣ ಚಿಹ್ನೆಯಿಲ್ಲದೆ ಕೊಟ್ಟಿದ್ದೆ. ಪರೀಕ್ಷೆಯಲ್ಲಿ ‘ಆನ್’ ಕಳಿಸಿದರೆ ‘ಈ ಮೌಲ್ಯ ಪಟ್ಟಿಯಲ್ಲಿಲ್ಲ’ ಎಂಬ ಉತ್ತರ. ಕಣ್ಣೆದುರಿಗೇ ಇದೆ, ಇಲ್ಲವೆನ್ನುತ್ತದೆ! ಅರ್ಧ ದಿನ ಸರ್ವರ್ ಕೋಡ್ ಜಾಲಾಡಿದೆ. ಕೊನೆಗೆ ಕಡತವನ್ನು ಜೇಸನ್ ಎಂಬ ಇನ್ನೊಂದು ದತ್ತಾಂಶ ರೂಪಕ್ಕೆ ಪರಿವರ್ತಿಸಿ ನೋಡಿದರೆ ಪಟ್ಟಿಯಲ್ಲಿದ್ದದ್ದು ಟ್ರೂ, ಫಾಲ್ಸ್. ಯಾಮಲ್ 1.1ರ ನಿಯಮವೇ ಹಾಗೆ: ಆನ್, ಆಫ್, ಯೆಸ್, ನೋ ಎಲ್ಲವೂ ಬೂಲಿಯನ್ (ಟ್ರೂ ಅಥವಾ ಫಾಲ್ಸ್ ಮಾತ್ರ ಆಗುವ ಮೌಲ್ಯ). 2009ರ 1.2 ಇದನ್ನು ಕೈಬಿಟ್ಟರೂ ಹಳೆಯ ನಿಯಮವನ್ನೇ ಪಾಲಿಸುವ ಲೈಬ್ರರಿಗಳು ಇಂದಿಗೂ ಬಳಕೆಯಲ್ಲಿವೆ. ಆವೃತ್ತಿ ಸಂಖ್ಯೆ 1.10 ಎಂದು ಬರೆದರಂತೂ 1.2ರಲ್ಲೂ ಅದು ದಶಮಾಂಶ ಸಂಖ್ಯೆಯಾಗಿ 1.1 ಆಗಿಬಿಡುತ್ತದೆ. ಸ್ಟ್ರಿಂಗ್ ಆಗಬೇಕಾದ ಪ್ರತಿಯೊಂದು ಮೌಲ್ಯಕ್ಕೂ ಉದ್ಧರಣ ಚಿಹ್ನೆ ಹಾಕಿ. ನಿಮ್ಮ ‘ಕಾರ್ಡ್’ಗೆ ಇಂದು ಅಗತ್ಯವಿಲ್ಲದಿದ್ದರೂ.

ಮುಂದೆ ಓಪನ್‌ಎಪಿಐ 3.1ಕ್ಕೆ ಹೋದಾಗ ಒಂಟಿ ಎನಮ್‌ಗಳನ್ನೆಲ್ಲ ತಿದ್ದುತ್ತ ಕೂರಬೇಕಿಲ್ಲ. ಅಲ್ಲೂ ಅವುಗಳ ಅರ್ಥ ಕಾನ್ಸ್ಟ್‌ನದ್ದೇ.